ಜನರ ದುಡ್ಡಿನ ಲಸಿಕೆಗೆ ಕಂಪನಿಯ ಬೆಲೆಯೇ?

ಔಷಧಿಗೆ ಇಷ್ಟು ಬೆಲೆ ಏಕೆಂದು ಕೇಳಿದರೆ ಸಿದ್ಧವಾಗಿರುವ ಉತ್ತರ ಒಂದೇ: "ಕಂಪನಿಗಳು ಸಂಶೋಧನೆಗೆ ಕೋಟಿಗಟ್ಟಲೆ ಸುರಿದಿವೆ, ಆ ಹಣ ಹುಟ್ಟಬೇಡವೇ?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯ ಕಥೆಯನ್ನು ಬುಡದಿಂದ ನೋಡಿದರೆ ಈ ನ್ಯಾಯದ ಬಣ್ಣ ಬಯಲಾಗುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಹೆಂಗಸರನ್ನು ಬಲಿ ತೆಗೆದುಕೊಂಡ ರೋಗ ಇದು. ತಪಾಸಣೆಗೆಂದು ಒಂದು ದಿನದ ಕೂಲಿ ಬಿಡಲಾಗದವಳಿಗೆ ಇದು ತಿಳಿಯುವುದೇ ಕೈಮೀರಿದ ಮೇಲೆ.

ಈ ಕ್ಯಾನ್ಸರಿಗೆ ಕಾರಣ ಒಂದು ವೈರಸ್ ಎಂದು ತೋರಿಸಿದವರು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್. 1983-84ರಲ್ಲಿ ಅದರ ಎರಡು ಬಗೆಗಳನ್ನು ಹಿಡಿದು, ಲಸಿಕೆ ಮಾಡಿರೆಂದು ಅಲ್ಲಿನ ಔಷಧಿ ಕಂಪನಿಯ ಬಾಗಿಲು ತಟ್ಟಿದರು. ಕಂಪನಿ ಮಾರುಕಟ್ಟೆಯ ಲೆಕ್ಕ ಹಾಕಿ, ಗಿಟ್ಟುವುದಿಲ್ಲವೆಂದು ಕೈಚೆಲ್ಲಿತು. ಕೋಟಿ ಸುರಿಯುವ ಶೂರರು ಆಗ ಎಲ್ಲಿದ್ದರು?

ಕೆಲಸ ಮುಂದುವರಿದದ್ದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ, ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿದ್ದವರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ವೈದ್ಯ ಇಯಾನ್ ಫ್ರೇಜರ್. ದೇಹದ ನಿರೋಧಕ ಶಕ್ತಿ ಕುಂದಿದವರಲ್ಲಿ ಈ ವೈರಸ್ಸಿನ ಹಾವಳಿ ಹೆಚ್ಚೆಂದು ಕಂಡು ಬೆನ್ನುಹತ್ತಿದ್ದರು. ಅವರ ಜತೆ ದುಡಿದವರು ಚೀನಾದಿಂದ ಬಂದ ಜಿಯಾನ್ ಝೌ. ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಆಗದ ಮಾತು. ಆದ್ದರಿಂದ ಇವರು 1991ರಲ್ಲಿ ಅದರ ಹೊರಕವಚವನ್ನಷ್ಟೇ ಕಟ್ಟಿದರು. ಒಳಗೆ ತಿರುಳಿಲ್ಲದ ಕಾಯಿ ಎನ್ನಿ. ರೋಗ ತರಲಾರದು, ಆದರೆ ದೇಹ ಅದನ್ನು ಶತ್ರುವೆಂದೇ ಬಗೆದು ಆಯುಧ ಮಸೆದಿಟ್ಟುಕೊಳ್ಳುತ್ತದೆ. ಝೌ 1999ರಲ್ಲಿ, 42ನೇ ವಯಸ್ಸಿಗೇ ತೀರಿಕೊಂಡರು. 2006ರ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಮೊದಲ ಚುಚ್ಚುಮದ್ದನ್ನು ಫ್ರೇಜರ್ ತಮ್ಮ ಕೈಯಿಂದಲೇ ಹಾಕಿದಾಗ ಗೆಳೆಯ ಇರಲಿಲ್ಲ.

ಇದೇ ಹಾದಿಯಲ್ಲಿ ನಡೆದ ಅಮೆರಿಕದ ತಂಡಗಳಲ್ಲೂ ಒಂದು ಸರ್ಕಾರಿ ಸಂಸ್ಥೆಯದು, ಎರಡು ವಿಶ್ವವಿದ್ಯಾಲಯಗಳವು. ಬ್ರಿಸ್ಬೇನಿನ ಪೇಟೆಂಟ್ ಪಡೆದ ಸಿ.ಎಸ್.ಎಲ್. ಕೂಡ ಮೊದಲು ಸರ್ಕಾರದ ಸೀರಮ್ ಕಾರ್ಖಾನೆಯೇ. 1994ರಲ್ಲಿ ಅದನ್ನು ಖಾಸಗಿಯವರಿಗೆ ಮಾರಿದರು. ಅಲ್ಲಿಂದ ಹಕ್ಕು ಹೋದದ್ದು ಅಮೆರಿಕದ ಮರ್ಕ್ ಕಂಪನಿಗೆ. ಸಾವಿರಾರು ಹೆಂಗಸರ ಮೇಲೆ ಪರೀಕ್ಷೆ ನಡೆಸಲು ಮರ್ಕ್ ಖರ್ಚು ಮಾಡಿದೆ, ಅಲ್ಲವೆನ್ನುವುದಿಲ್ಲ. ಆದರೆ ದರ ನೋಡಿ. 2006ರಲ್ಲಿ ಅಮೆರಿಕದಲ್ಲಿ ಒಂದು ಡೋಸಿಗೆ 120 ಡಾಲರ್. 2013ರಲ್ಲಿ ಬಡದೇಶಗಳಿಗೆಂದು ಗಾವಿ ಸಂಸ್ಥೆ ಸಗಟಾಗಿ ಕೇಳಿದಾಗ ಅದೇ ಲಸಿಕೆ ನಾಲ್ಕೂವರೆ ಡಾಲರಿಗೆ ಇಳಿಯಿತು! ಒಂದೇ ಮೂಟೆಯ ಸಕ್ಕರೆಯನ್ನು ಒಬ್ಬ ಗಿರಾಕಿಗೆ ಒಂದು ಬೆಲೆ, ಇನ್ನೊಬ್ಬನಿಗೆ ಇಪ್ಪತ್ತಾರು ಪಾಲು ಬೆಲೆ ಎಂದು ನಮ್ಮ ಕಿರಾಣಿ ಅಂಗಡಿಯವರು ಮಾರಿದ್ದರೆ ಊರು ಏನೆನ್ನುತ್ತಿತ್ತು?

ಇನ್ನು ನಮ್ಮ ದೇಶದ ಮಾತು. 2009ರಲ್ಲಿ ಖಮ್ಮಂ, ವಡೋದರಾ ಜಿಲ್ಲೆಗಳಲ್ಲಿ ಸುಮಾರು 24 ಸಾವಿರ ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ಶುರುವಾಯಿತು. ಏಳು ಮಂದಿ ಸತ್ತರು. ಸಾವಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು, ಅದನ್ನು ಒಪ್ಪೋಣ. ಆದರೆ ತಾಯಿತಂದೆಯರ ಬದಲು ಹಾಸ್ಟೆಲ್ ವಾರ್ಡನ್ನರು ಒಪ್ಪಿಗೆಯ ಸಹಿ ಹಾಕಿದ್ದರು! 2013ರಲ್ಲಿ ಸಂಸತ್ತಿನ ಸಮಿತಿಯೇ ಛೀಮಾರಿ ಹಾಕಿತು. ಈ ಗದ್ದಲದಲ್ಲಿ 2010ರ ಏಪ್ರಿಲಿನಲ್ಲಿ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತು, ಅದರಲ್ಲಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತು. ಹತ್ತು ವರ್ಷ ಅವರನ್ನು ಗಮನಿಸಿದಾಗ ಕಂಡದ್ದು, ಒಂದೇ ಡೋಸು ಸಹ ಬಲವಾಗಿ ಕಾಯುತ್ತದೆಂದು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸಿಗೆ ಒಪ್ಪಿದ್ದರ ಹಿಂದೆ ನಮ್ಮ ಈ ಹುಡುಗಿಯರ ತೋಳೂ ಇದೆ.

ಅದೇ 2022ರಲ್ಲಿ ಪುಣೆಯ ಸೀರಮ್ ಸಂಸ್ಥೆ ಸ್ವದೇಶಿ ಲಸಿಕೆ ಮಾಡಿತು, ಸಂತೋಷ. 200ರಿಂದ 400 ರೂಪಾಯಿ ಆದೀತೆಂದು ಯಜಮಾನರು ಹೇಳಿದರು. ಮರುವರ್ಷ ಖಾಸಗಿ ಪೇಟೆಗೆ ಬಂದಾಗ ಡೋಸಿಗೆ 2,000!

ಒಂಬತ್ತರಿಂದ ಹದಿನಾಲ್ಕರ ಪ್ರತಿ ಹುಡುಗಿಗೂ, ಅವಳು ಶಾಲೆಗೆ ಹೋಗಲಿ ಬೀಡಿ ಕಟ್ಟಲಿ, ಹೆತ್ತವರ ಒಪ್ಪಿಗೆ ಕೇಳಿ ಈ ಲಸಿಕೆಯನ್ನು ಸರ್ಕಾರ ಉಚಿತವಾಗಿ ಹಾಕಿಸಬೇಕು. ಒಂದು ಅಭಿಯಾನ ನಡೆಸಿ, ಪಟ ತೆಗೆಸಿಕೊಂಡು ಕೈತೊಳೆಯುವುದಲ್ಲ, ಪೋಲಿಯೋ ಹನಿಯಂತೆ ವರ್ಷವರ್ಷವೂ. ಖಾಸಗಿ ಪೇಟೆಯಲ್ಲಿ 2,000 ಕೇಳುವವರು ತಯಾರಿಕೆಗೆ ಬಿದ್ದ ಖರ್ಚಿನ ಲೆಕ್ಕದ ಪುಸ್ತಕವನ್ನು ಜನರ ಮುಂದೆ ತೆರೆಯಲಿ.