ಹೊಸ್ತಿಲಲ್ಲಿ ಅಗ್ಗದ ಗೋರಿಕಲ್ಲು

ಅಕ್ಟೋಬರ್ ತಿಂಗಳು ಬಂತೆಂದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳ, ಬಂಧುಗಳ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಬೀದಿಯ ಮನೆಗಳೆಲ್ಲ ಹ್ಯಾಲೋವೀನ್‌ಗೆ ಸಿಂಗಾರಗೊಂಡಿರುವಾಗ ನಮ್ಮದೊಂದೇ ಏಕೆ ಬರಿದಾಗಿರಬೇಕೆಂದು ಶಾಲೆಯಿಂದ ಬಂದ ಮಗು ಕೇಳುತ್ತದೆ. ಹೆತ್ತವರು ನಡುದಾರಿಯೊಂದನ್ನು ಹುಡುಕುತ್ತಾರೆ: ಹೆಚ್ಚು ಖರ್ಚು ಬೇಡ, ಸ್ವಲ್ಪದರಲ್ಲೇ ಮುಗಿಸೋಣ. ಹಳೆಯ ಬಿಳಿ ಹೊದಿಕೆ ಪ್ರೇತವಾಗುತ್ತದೆ, ರಟ್ಟಿನ ಪೆಟ್ಟಿಗೆ ಗೋರಿಕಲ್ಲಾಗುತ್ತದೆ, ಕಪ್ಪು ಕಾಗದ ಬಾವಲಿಯಾಗುತ್ತದೆ. ಮಿತವ್ಯಯವನ್ನು ಇಸ್ಲಾಮ್ ಕಲಿಸಿದೆಯಲ್ಲವೇ ಎಂಬ ಸಮಾಧಾನವೂ ಜೊತೆಗಿರುತ್ತದೆ. ನಮ್ಮ ತಕರಾರು ಈ ಸಮಾಧಾನದ ಮೇಲೆಯೇ.

ದುಂದುವೆಚ್ಚದ ಮಾತನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವು 2023ರಲ್ಲಿ ಹ್ಯಾಲೋವೀನ್‌ಗಾಗಿ ಆ ದೇಶದ ಜನರು ಸುಮಾರು 1,220 ಕೋಟಿ ಡಾಲರ್ ವ್ಯಯಿಸುವರೆಂದು ಅಂದಾಜು ಮಾಡಿತ್ತು. ಅದರಲ್ಲಿ ಅಲಂಕಾರದ ಪಾಲೇ 390 ಕೋಟಿ. ಹೋಮ್ ಡಿಪೋ ಎಂಬ ಅಂಗಡಿ ಸರಣಿಯು 2020ರಲ್ಲಿ ಅಂಗಳದಲ್ಲಿ ನಿಲ್ಲಿಸಲು 12 ಅಡಿ ಎತ್ತರದ ಅಸ್ಥಿಪಂಜರವನ್ನು 299 ಡಾಲರಿಗೆ ಮಾರಿತು. ಆದರೆ ಆ ಕೋಟಿಗಳೆಲ್ಲ ಅಂತಹ ದೈತ್ಯ ವಸ್ತುಗಳಿಂದಲೇ ತುಂಬಿದ್ದಲ್ಲ. ಒಂದೂಕಾಲು ಡಾಲರಿನ ಪ್ಲಾಸ್ಟಿಕ್ ಜೇಡಗಳೂ ಅದಕ್ಕೆ ಕೂಡಿಕೊಂಡಿವೆ. ಕಡಿಮೆ ಬೆಲೆಯು ನಮ್ಮಿಂದ ಒಂದು ಪ್ರಶ್ನೆಯನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ. ಬೇಕೇ ಎಂದು ಕೇಳಬೇಕಾದಲ್ಲಿ ಎಷ್ಟಕ್ಕೆ ಎಂದು ಕೇಳತೊಡಗುತ್ತೇವೆ. ದುಂದುಗಾರರನ್ನು ಪವಿತ್ರ ಕುರ್‌ಆನ್ ಶೈತಾನನ ಬಳಗಕ್ಕೆ ಸೇರಿಸಿರುವುದನ್ನು ಓದಿದವರು, ಹಣ ಕೊಟ್ಟು ಶೈತಾನನ ಮುಖವಾಡವನ್ನೇ ಮನೆಗೆ ತರುವ ವಿಪರ್ಯಾಸವನ್ನು ಗಮನಿಸಿಯಾರು.

ಆದರೂ ನ್ಯಾಯವಾಗಿ ಒಪ್ಪಬೇಕಾದುದೊಂದಿದೆ. ಹಳೆಯ ಹೊದಿಕೆಯ ಪ್ರೇತಕ್ಕೆ ಬಿಡಿಕಾಸೂ ಖರ್ಚಿಲ್ಲ. ದುಂದಿನ ಆರೋಪ ಅದಕ್ಕೆ ತಾಗದು. ಖರ್ಚಿನ ವಿಚಾರವಷ್ಟೇ ಆಗಿದ್ದರೆ ನಾವು ಲೇಖನಿ ಎತ್ತುತ್ತಿರಲಿಲ್ಲ. ಆ ಹೊದಿಕೆ ನಮ್ಮ ಬಾಗಿಲಲ್ಲಿ ನಿಂತು ಏನನ್ನು ಹೇಳುತ್ತದೆ ಎಂಬುದು ನಮ್ಮ ಪ್ರಶ್ನೆ.

ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪ್ರಾಚೀನ ಕೆಲ್ಟ್ ಜನರಿಗೆ ಅಕ್ಟೋಬರ್ ಕೊನೆಯ ರಾತ್ರಿ ಸುಗ್ಗಿ ಮುಗಿದು ಚಳಿಗಾಲ ಹೊಕ್ಕುವ ಹೊಸ್ತಿಲು. ಅಂದು ಸತ್ತವರು ಜೀವಂತರ ನಡುವೆ ಬರುತ್ತಾರೆಂಬ ನಂಬಿಕೆ ಅದಕ್ಕೆ ಅಂಟಿಕೊಂಡಿತ್ತು. ನವೆಂಬರ್ 1ನ್ನು ಚರ್ಚು ಸಕಲ ಸಂತರ ದಿನವಾಗಿ ಆಚರಿಸತೊಡಗಿದ ಮೇಲೆ ಅದರ ಮುನ್ನಾ ಸಂಜೆಗೆ ಈಗಿನ ಹೆಸರು ಬಂತು. ಅಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕೊರೆಯಲು ಸುಲಭವಾದ ಕುಂಬಳ ಸಿಕ್ಕಿತು. ಅವರ ಪೂರ್ವಜರ ನಂಬಿಕೆಯನ್ನು ಗೇಲಿ ಮಾಡುವುದು ನಮ್ಮ ಕೆಲಸವಲ್ಲ.

ನಮ್ಮ ಪೂರ್ವಸ್ಮೃತಿಯಾದರೂ ನಮಗೆ ನೆನಪಿರಬೇಡವೇ? ಇಸ್ಲಾಮಿಗೆ ಮುಂಚಿನ ಅರಬರಲ್ಲಿ ‘ಹಾಮಾ’ ಎಂಬ ಮೂಢನಂಬಿಕೆಯಿತ್ತು. ಕೊಲೆಯಾದವನ ಆತ್ಮವು ಗೂಬೆಯಾಗಿ, ಸೇಡು ತೀರುವವರೆಗೂ ಗೋರಿಯ ಬಳಿ ಕೂಗುತ್ತದೆಂದು ಅವರು ನಂಬಿದ್ದರು. ಮರುಭೂಮಿಯಲ್ಲಿ ರೂಪ ಬದಲಿಸಿ ದಾರಿಹೋಕರ ದಿಕ್ಕು ತಪ್ಪಿಸುವ ‘ಘೂಲ್’ ಎಂಬ ಪಿಶಾಚಿಯೂ ಇತ್ತು. ಪ್ರವಾದಿ ಮುಹಮ್ಮದ್(ಸ)ರು ಈ ಎರಡನ್ನೂ ನಿರಾಕರಿಸಿದರು. ಹದೀಸ್ ಗ್ರಂಥಗಳಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿದೆ. (ಜಿನ್ನ್‌ಗಳ ಅಸ್ತಿತ್ವದ ನಿರಾಕರಣೆ ಇದಲ್ಲ, ಆ ಕಟ್ಟುಕಥೆಯ ನಿರಾಕರಣೆ ಎಂದು ವಿದ್ವಾಂಸರು ವಿವರಿಸಿದ್ದಾರೆ.) ಈಗ ನೋಡಿರಿ: ಇಂಗ್ಲಿಷರು ಹ್ಯಾಲೋವೀನ್ ಪಿಶಾಚಿಗೆ ಬಳಸುವ ‘ಗೂಲ್’ ಎಂಬ ಪದವು ಅರಬಿಯ ಅದೇ ಘೂಲ್! ಹದಿನಾಲ್ಕು ಶತಮಾನಗಳ ಹಿಂದೆ ಪ್ರವಾದಿಯವರು(ಸ) ಮನೆಯಿಂದ ಹೊರಗಟ್ಟಿದ ಆ ಭೂತವನ್ನು, ಅಮೆರಿಕದ ಅಂಗಡಿಯ ಚೀಲದಲ್ಲಿ ಅವರ ಸಮುದಾಯದವರೇ ಮನೆಗೆ ಮರಳಿ ತರುತ್ತಿದ್ದಾರೆ. ಗೂಬೆಯೂ ಅದೇ ಚೀಲದಲ್ಲಿದೆ.

ಇದಕ್ಕಿಂತ ನಮ್ಮನ್ನು ನೋಯಿಸುವುದು ಆ ರಟ್ಟಿನ ಗೋರಿಕಲ್ಲು. ಗೋರಿಗಳ ಸಂದರ್ಶನವನ್ನು ಆರಂಭದಲ್ಲಿ ತಡೆದಿದ್ದ ಪ್ರವಾದಿಯವರು(ಸ) ಬಳಿಕ ಅದಕ್ಕೆ ಅನುಮತಿ ನೀಡಿದ್ದು ಅದು ಪರಲೋಕವನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ. ಅಲ್ಲಿ ಮಲಗಿರುವವರಿಗೆ ಸಲಾಮ್ ಹೇಳಲು ಕಲಿಸಿದರು. ಗೋರಿಯ ಮೇಲೆ ಕುಳಿತುಕೊಳ್ಳುವುದನ್ನೂ ನಿಷೇಧಿಸಿದರು. ಸತ್ತವರು ಬರ್ಝಖ್‌ನ ತೆರೆಯಾಚೆ ಇರುವವರು, ಬೀದಿ ಅಲೆಯುವವರಲ್ಲ. ಅಮೆರಿಕದಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಊರಿನ ಅಜ್ಜನ ಜನಾಝವನ್ನು ಮೊಬೈಲಿನ ಪರದೆಯಲ್ಲಷ್ಟೇ ಕಂಡಿದ್ದಾರೆ. ಖಬರಸ್ಥಾನದ ಮಣ್ಣನ್ನು ಮುಟ್ಟಿಲ್ಲ, ಮೂರು ಹಿಡಿ ಮಣ್ಣು ಹಾಕಿಲ್ಲ. ಅಂತಹ ಮಗುವಿನ ಕೈಗೆ ಸಿಗುವ ಮೊದಲ ಗೋರಿ ರಟ್ಟಿನದ್ದಾಗಬೇಕೇ? ಅದರಿಂದ ಹೊರಚಾಚಿದ ಪ್ಲಾಸ್ಟಿಕ್ ಕೈಯನ್ನು ನೋಡಿ ನಗಲು ಕಲಿತ ಮಗುವಿಗೆ ಅಜ್ಜನ ಮಗ್ಫಿರತ್‌ಗಾಗಿ ಕೈಯೆತ್ತುವುದನ್ನು ಯಾವ ಮುಖದಿಂದ ಕಲಿಸುತ್ತೀರಿ?

‘ಇದೆಲ್ಲ ಬರೀ ಆಟ, ಯಾರು ನಂಬುತ್ತಾರೆ?’ ಎನ್ನುವವರಿದ್ದಾರೆ. ನಂಬದಿರುವುದನ್ನು ಬಾಗಿಲಿಗೆ ತೂಗುಹಾಕುವುದೇಕೆ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಮಗು ಒಂಟಿಯಾಗುತ್ತದೆ ಎಂಬ ಅಳಲು ಮಾತ್ರ ನಿಜವಾದದ್ದು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಬೀದಿಯಲ್ಲಿ ದೂರ ಉಳಿಯುವವರು ಮುಸ್ಲಿಮರು ಮಾತ್ರವಲ್ಲ. ಯೆಹೋವನ ಸಾಕ್ಷಿಗಳೆಂಬ ಪಂಥದವರು ಇದನ್ನು ಆಚರಿಸುವುದಿಲ್ಲ; ಬೇರೆ ಹಲವು ಕ್ರೈಸ್ತ ಕುಟುಂಬಗಳೂ ಆಚರಿಸುವುದಿಲ್ಲ. ಅಲಂಕಾರವಿಲ್ಲದ ಬಾಗಿಲು ಅಲ್ಲಿ ಯಾರಿಗೂ ಅಪರಾಧವೆನಿಸುವುದಿಲ್ಲ. ಜಗಲಿಯ ದೀಪ ಆರಿಸಿದರೆ ಮಕ್ಕಳು ಮುಂದಿನ ಮನೆಗೆ ಹೋಗುತ್ತಾರೆ, ಅಷ್ಟೇ. ಮನೆಯನ್ನು ಬೆಳಗಿಸಬೇಕೆಂಬ ಮಗುವಿನ ಆಸೆಗೆ ರಮಝಾನ್ ಇದೆ, ಎರಡು ಈದ್‌ಗಳಿವೆ. ಅವುಗಳನ್ನು ಸಪ್ಪೆಯಾಗಿ ಕಳೆದು ಅಕ್ಟೋಬರ್‌ನಲ್ಲಿ ಮಗುವನ್ನು ದೂರುವ ತಂದೆತಾಯಂದಿರೂ ನಮ್ಮಲ್ಲಿದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ನೆರೆಯವರ ವಿಷಯ ಉಳಿಯಿತು. ಹಬ್ಬವನ್ನು ತೊರೆಯುವುದೆಂದರೆ ನೆರೆಯವರನ್ನು ತೊರೆಯುವುದಲ್ಲ. ಅಕ್ಟೋಬರ್ 31 ಕಳೆದ ಮರುದಿನ, ಕೊರೆಯದೆ ಉಳಿದ ಕುಂಬಳಗಳಿಗೆ ಅಲ್ಲಿ ಕೇಳುವವರಿಲ್ಲ. ಕೊರೆದವು ಕಸದ ಗುಂಡಿ ಸೇರುತ್ತವೆ. ಪ್ರವಾದಿಯವರು(ಸ) ತಟ್ಟೆಯಲ್ಲಿ ಸೋರೆ-ಕುಂಬಳ ಜಾತಿಯ ಕಾಯಿಯ ತುಂಡುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಅನಸ್(ರ) ಕಂಡು, ಅಂದಿನಿಂದ ತಾವೂ ಅದನ್ನು ಮೆಚ್ಚಿದರು. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಅಬೂ ದರ್ರ್(ರ)ರಿಗೆ ಪ್ರವಾದಿಯವರು(ಸ) ಬೋಧಿಸಿದ್ದರು. ಒಂದು ಕುಂಬಳ, ಸ್ವಲ್ಪ ಹಾಲು, ಸಕ್ಕರೆ, ಏಲಕ್ಕಿ ಸಾಕು. ನಮ್ಮ ಅಜ್ಜಿಯರ ಹಲ್ವಾ ಸಿದ್ಧವಾಗುತ್ತದೆ. ನವೆಂಬರ್ 1ರ ಸಂಜೆ ಆ ಬಟ್ಟಲನ್ನು ಮಗುವಿನ ಕೈಯಲ್ಲೇ ಪಕ್ಕದ ಮನೆಗೆ ಕಳುಹಿಸಿರಿ.