ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಬೇರೆ

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ದೂರ ಸುಮಾರು 14,000 ಕಿ.ಮೀ. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಪ್ರಯಾಣ ಈ ಲೆಕ್ಕಕ್ಕೆ ಸರಿಯಾಗಿ ಮುಗಿಯುವುದು ಅಪರೂಪ.

ಮೊದಲು ದೂರವನ್ನೇ ನೋಡೋಣ. ಗೋಡೆಯ ಭೂಪಟದಲ್ಲಿ ಪೆಸಿಫಿಕ್ ಸಾಗರ ದಾಟಿಸಿ ನೇರ ಗೆರೆ ಎಳೆದರೆ ಆ ದಾರಿ 16,000 ಕಿ.ಮೀ. ಮೀರುತ್ತದೆ. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ಹಿಡಿದರೆ ಅದು ಉತ್ತರಕ್ಕೆ ಸರಿದು ಚೀನಾ, ಮಂಗೋಲಿಯಾ, ಸೈಬೀರಿಯಾಗಳನ್ನು ಹಾದು ಅಲಾಸ್ಕಾದ ಮೇಲೆ ಇಳಿಯುತ್ತದೆ. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ತುಣುಕು ಅದು. ಗುಂಡಗಿನ ಮೈಮೇಲೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ. ನೆಟ್ಟಗೆ ಉತ್ತರ ಧ್ರುವದ ಮೇಲೇ ಹೋದರೂ ಹೆಚ್ಚುವುದು 400 ಕಿ.ಮೀ.ಗಿಂತ ಕಡಿಮೆ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದದ್ದು ಧ್ರುವಪ್ರದೇಶದ ಮೇಲಿಂದಲೇ.

ಹೊತ್ತನ್ನು ಹಿಗ್ಗಿಸಿ ಕುಗ್ಗಿಸುವುದು ಮುಖ್ಯವಾಗಿ ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಪಟ್ಟಿಯಂತೆ ಹರಿಯುತ್ತಿರುತ್ತದೆ. ಇದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಇದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ವಿಮಾನದ 900 ಕಿ.ಮೀ. ವೇಗ ಸುತ್ತಲಿನ ಗಾಳಿಗೆ ಹೋಲಿಸಿದ್ದೇ ಹೊರತು ನೆಲಕ್ಕಲ್ಲ. ಆ ಗಾಳಿಯೇ ಮುಂದಕ್ಕೆ ಗಂಟೆಗೆ 100 ಕಿ.ಮೀ. ಸಾಗುತ್ತಿದ್ದರೆ 14,000 ಕಿ.ಮೀ.ಗೆ 14 ಗಂಟೆ ಸಾಕು. ಎದುರಾದರೆ ಹದಿನೇಳೂವರೆ ಬೇಕು. ಹಾಗಾಗಿ ಕೆಲವೊಮ್ಮೆ ಸುತ್ತುದಾರಿಯೇ ಲಾಭ. 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಕಡೆಯಿಂದ ಹೋಯಿತು. ಸುಮಾರು 1,400 ಕಿ.ಮೀ. ಹೆಚ್ಚು ಹಾರಿದರೂ ಸುಮಾರು ಎರಡು ಗಂಟೆ ಉಳಿಸಿತು.

ಇಷ್ಟರ ಮೇಲೆ ಗಡಿಯಾರದ ಗೊಂದಲ. ಚಳಿಗಾಲದಲ್ಲಿ ನಮ್ಮ ಸಮಯ ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟು 17 ಗಂಟೆ ಹಾರಿದವರು ಇಳಿಯುವುದು ಸೋಮವಾರ ನಸುಕಿನ 3ಕ್ಕೆ. ಟಿಕೆಟ್ಟಿನ ಎರಡು ಸಮಯಗಳನ್ನು ಕಳೆದು ನೋಡಿದರೆ ಎರಡೂ ಉತ್ತರ ತಪ್ಪು.

ಮಕ್ಕಳ ಮನೆಗೆ ಮೊದಲ ಸಲ ಹೊರಟ ಅಪ್ಪ–ಅಮ್ಮಂದಿರಿಗೆ ಬೇಕಿರುವುದು ಕಿಲೋಮೀಟರುಗಳ ಲೆಕ್ಕವಲ್ಲ, ಎಷ್ಟು ಗಂಟೆ ಕೂರಬೇಕು, ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬುದು. ಟಿಕೆಟ್ ಮಾರುವ ತಾಣಗಳು ಹೋಗುವ, ಬರುವ ಅವಧಿಗಳನ್ನು ಬೇರೆಬೇರೆಯಾಗಿ, ದೊಡ್ಡ ಅಕ್ಷರದಲ್ಲಿ ತೋರಿಸಿದರೆ ಒಳ್ಳೆಯದು.