ಖಿನ್ನತೆಯ ಮಾತ್ರೆ: ಮುಚ್ಚಿಡಬೇಡಿ, ಏಕಾಏಕಿ ನಿಲ್ಲಿಸಬೇಡಿ



ಹೃದಯದ ಡಾಕ್ಟರು ಮನಸ್ಸಿನ ಮಾತ್ರೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ನಮ್ಮವರು ಮನಸ್ಸಿನ ನೋವನ್ನೂ ಎದೆಯ ಮೇಲೆ ಕೈಯಿಟ್ಟೇ ಹೇಳುತ್ತಾರೆ. "ಎದೆ ಭಾರ", "ಎದೆ ಢವಢವ", "ಜೀವ ಹಾರಿದ ಹಾಗೆ" ಎನ್ನುತ್ತ ಮೊದಲು ಬರುವುದು ನಮ್ಮ ಹತ್ತಿರ. ಆದರೆ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ಮಾತ್ರ ನಮಗೂ ಹೇಳುವುದಿಲ್ಲ, ಮನೆಯವರಿಗೂ ಹೇಳುವುದಿಲ್ಲ.

ಈ ಮುಚ್ಚಿಡುವಿಕೆ ಮಾತ್ರೆಗಿಂತ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ರಾತ್ರಿ ಎರಡು ಗಂಟೆಗೆ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರನ್ನು ಮಗ ಆಸ್ಪತ್ರೆಗೆ ಕರೆತಂದರು. ಮಗನ ಮನೆಯಲ್ಲಿ ಎರಡು ತಿಂಗಳು ಇರಲು ಪುಣೆಗೆ ಬಂದವರು. ಬೆವರು, ನಡುಕ, ಎದೆ ಬಡಿತ. ಇ.ಸಿ.ಜಿ. ಮಾಡಿದೆವು, ರಕ್ತ ಪರೀಕ್ಷೆ ಮಾಡಿದೆವು, ಎಕೋ ಮಾಡಿದೆವು. ಬಡಿತ ಜೋರಾಗಿತ್ತು, ಆದರೆ ಹೃದಯಾಘಾತವಲ್ಲ. ಮಗ ಬಿಲ್ ಕಟ್ಟಲು ಹೊರಗೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: "ತಲಿಯೊಳಗ ಕರೆಂಟ್ ಹೊಡದಂಗ ಆಗತೈತ್ರಿ."

ನನಗೆ ಅನುಮಾನ ಬಂತು. "ಯಾವುದರೆ ಗುಳಿಗಿ ಬಿಟ್ಟೀರೇನು ಕಾಕಾ?" ಎಂದು ಕೇಳಿದೆ.

"ಮುಗದು ಐದು ದಿನ ಆತ್ರಿ. ಮಗಗ ಹೇಳಿಲ್ರಿ. ಸೊಸಿ ಏನು ತಿಳಕೋತಾಳೋ ಅಂತ."

ಹೆಂಡತಿ ತೀರಿಕೊಂಡ ಮೇಲೆ ಊರಿನ ಡಾಕ್ಟರು ಪ್ಯಾರಾಕ್ಸೆಟಿನ್ ಎಂಬ ಮಾತ್ರೆ ಕೊಟ್ಟಿದ್ದರು. ಎರಡು ವರ್ಷ ತಪ್ಪದೆ ತೆಗೆದುಕೊಂಡಿದ್ದರು. ತಂದಿದ್ದ ಮಾತ್ರೆ ಮುಗಿದಾಗ ಮಗನಿಗೆ ಚೀಟಿ ತೋರಿಸಲು ಸಂಕೋಚ. ಅದೇ ಮಾತ್ರೆ ಮತ್ತೆ ಶುರು ಮಾಡಿದ ಎರಡೇ ದಿನದಲ್ಲಿ ಸುಧಾರಿಸಿದರು.

ತಪ್ಪು ರೋಗಿಗಳದ್ದು ಮಾತ್ರ ಎನ್ನುವುದೂ ಸರಿಯಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಸ್ಟೆಂಟ್ ಹಾಕಿಸಿಕೊಂಡಿದ್ದ ಒಬ್ಬ ತಾಯಿಯ ಚೀಟಿಯಲ್ಲಿ ಒಂಬತ್ತು ಮಾತ್ರೆ ಇದ್ದವು. "ಈಗ ಆರಾಮಾಗಿದ್ದೀರಲ್ಲ, ಇದೊಂದು ಯಾಕೆ" ಎಂದು ಖಿನ್ನತೆಯ ಮಾತ್ರೆಯ ಮೇಲೆ ಗೆರೆ ಎಳೆದುಬಿಟ್ಟೆ. ಬರೆದ ವೈದ್ಯರಿಗೆ ಒಂದು ಫೋನ್ ಕೂಡ ಮಾಡಲಿಲ್ಲ. ಎರಡು ವಾರದಲ್ಲಿ ಅವರು ನಿದ್ದೆಯಿಲ್ಲದೆ, ಅಳುತ್ತ, ತಲೆಸುತ್ತಿನಿಂದ ಹಾಸಿಗೆ ಹಿಡಿದರು. "ಎಲ್ಲ ಸಾಕು" ಎಂದು ಸ್ಟೆಂಟ್ ಮುಚ್ಚದಂತೆ ಕಾಯುವ ಮಾತ್ರೆಗಳನ್ನೂ ಬಿಟ್ಟಿದ್ದರು. ಸ್ಟೆಂಟ್ ಮುಚ್ಚಿಕೊಳ್ಳಲಿಲ್ಲ, ಅವರು ಉಳಿದರು. ಅದು ಅವರ ಅದೃಷ್ಟ, ನನ್ನ ಜಾಣತನವಲ್ಲ. ಅಂದಿನಿಂದ ಬೇರೆ ವೈದ್ಯರು ಬರೆದ ಮಾತ್ರೆಯನ್ನು ಅವರನ್ನು ಕೇಳದೆ ನಾನು ನಿಲ್ಲಿಸಿಲ್ಲ.

ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಬರುತ್ತದೆ. ಹಾಗೆ ಬಂದವರು ಮಾತ್ರೆ ಮರೆಯುತ್ತಾರೆ, ನಡೆಯುವುದು ಬಿಡುತ್ತಾರೆ, ಮತ್ತೆ ಆಸ್ಪತ್ರೆ ಸೇರುವ ಸಂಭವವೂ ಹೆಚ್ಚು. ಅದಕ್ಕಾಗಿ ಇದು ನನ್ನ ವಿಷಯವೂ ಹೌದು.

ಈಗ ನೀವು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಬರೋಣ.

*1. ಈ ಮಾತ್ರೆ ಚಟವಾಗುತ್ತದೆಯೇ?*

ಎಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್ ಇವೆಲ್ಲ ಒಂದೇ ಗುಂಪಿನವು. ಹೆಂಡ, ತಂಬಾಕಿನ ಹಾಗೆ ಇವು ಚಟ ಹಿಡಿಸುವುದಿಲ್ಲ. ಮತ್ತಷ್ಟು ಬೇಕು ಎನಿಸುವುದಿಲ್ಲ. ಆದರೆ ಕೆಲವು ತಿಂಗಳಲ್ಲಿ ಮೆದುಳು ಈ ಮಾತ್ರೆಗೆ ಹೊಂದಿಕೊಳ್ಳುತ್ತದೆ. ತಟ್ಟನೆ ಕಿತ್ತುಕೊಂಡರೆ ತಡವರಿಸುತ್ತದೆ. ಇದು ಚಟವಲ್ಲ, ಒಗ್ಗಿಕೊಂಡ ದೇಹದ ಪ್ರತಿಕ್ರಿಯೆ.

ಒಂದು ಎಚ್ಚರಿಕೆ. ಅನೇಕರ ಸ್ಟ್ರಿಪ್‌ನಲ್ಲಿ ಎಸಿಟಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಎಂಬ ಎರಡನೆಯ ಔಷಧವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ. ಆ ಎರಡನೆಯದು ಅಭ್ಯಾಸವಾಗುವ ಔಷಧವೇ. ಬಹುಕಾಲ ತೆಗೆದುಕೊಂಡು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಈಗಲೇ ನಿಮ್ಮ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಎರಡು ಹೆಸರು ಕಂಡರೆ, ಎರಡನೆಯದು ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಿ. ನೀವೇ ಬಿಡಬೇಡಿ.

*2. ಶುರು ಮಾಡಿದ ಮೇಲೆ ಕಷ್ಟ ಹೆಚ್ಚಾಯಿತಲ್ಲ?*

ಈ ಮಾತ್ರೆಗಳಲ್ಲಿ ತೊಂದರೆ ಮೊದಲು, ಗುಣ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ನಿದ್ದೆ ಏರುಪೇರು, ಸ್ವಲ್ಪ ಹೆಚ್ಚಿದ ಚಡಪಡಿಕೆ ಮೊದಲ ವಾರದಲ್ಲೇ ಬರುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಹತ್ತನೆಯ ದಿನ "ಇದು ನನಗೆ ಒಗ್ಗಲಿಲ್ಲ" ಎಂದು ಬಿಟ್ಟವರು ಕಷ್ಟವನ್ನು ಮಾತ್ರ ಅನುಭವಿಸಿ, ಲಾಭ ಬರುವ ಹೊತ್ತಿಗೆ ಎದ್ದು ಹೋದ ಹಾಗೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆ ಇದೆ. ದಾಂಪತ್ಯದಲ್ಲಿ ಆಸಕ್ತಿ ಕಡಿಮೆಯಾಗುವುದು, ತೃಪ್ತಿ ಸಿಗದಿರುವುದು. ಇದು ಗಂಡಸರಿಗೂ ಹೆಂಗಸರಿಗೂ ಆಗುತ್ತದೆ, ಅಪರೂಪವೂ ಅಲ್ಲ. ಡೋಸ್ ಅಥವಾ ಮಾತ್ರೆ ಬದಲಿಸಲು ಸಾಧ್ಯ. ನೀವು ಹೇಳಿದರೆ ಮಾತ್ರ.

ಇಪ್ಪತ್ತೈದರೊಳಗಿನ ಮಕ್ಕಳಿಗೆ ಮಾತ್ರೆ ಶುರುವಾದರೆ ಮೊದಲ ಕೆಲವು ವಾರ ಮನೆಯವರು ಕಣ್ಣಿಟ್ಟಿರಬೇಕು. ಈ ವಯಸ್ಸಿನ ಕೆಲವರಲ್ಲಿ ಆರಂಭದಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಹಾಗೆಂದು ಕೊಡಬಾರದು ಎಂದಲ್ಲ, ಒಂಟಿಯಾಗಿ ಬಿಡಬಾರದು ಎಂದು. ಯಾವ ವಯಸ್ಸಿನವರೇ ಆಗಲಿ, ಮಾತ್ರೆ ಶುರುವಾದ ಮೇಲೆ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ನಿಲ್ಲದ ಮಾತು, ಮಿತಿಮೀರಿದ ಖರ್ಚು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

*3. ಡೋಸ್ ಹೆಚ್ಚಿಸಿದರೆ ಬೇಗ ಗುಣವಾಗುತ್ತದೆಯೇ?*

ಇಲ್ಲ. ಒಂದು ಮಟ್ಟದ ಮೇಲೆ ಹೋದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು. ಎಸಿಟಲೋಪ್ರಾಮ್ ಸಾಮಾನ್ಯವಾಗಿ 10 ಮಿಲಿಗ್ರಾಂ, ಹೆಚ್ಚೆಂದರೆ 20. ವಯಸ್ಸಾದವರಿಗೆ 10 ಸಾಕು. ಅದರ ಅಣ್ಣನಂಥ ಸಿಟಲೋಪ್ರಾಮ್ ಅರವತ್ತು ದಾಟಿದವರಿಗೆ 20 ಮಿಲಿಗ್ರಾಂ ಮೀರಬಾರದು, ಏಕೆಂದರೆ ಡೋಸ್ ಹೆಚ್ಚಾದರೆ ಹೃದಯದ ಲಯ ತಪ್ಪಬಹುದು. ಪಕ್ಕದ ಮನೆಯವರ ಡೋಸ್ ನಿಮಗೆ ಅಳತೆಯಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

*4. ಹೃದಯದ ಮಾತ್ರೆ, ಬಿ.ಪಿ. ಮಾತ್ರೆ ಜೊತೆ ತೆಗೆದುಕೊಳ್ಳಬಹುದೇ?*

ಬಹುಪಾಲು ತೆಗೆದುಕೊಳ್ಳಬಹುದು. ಹೃದಯಾಘಾತವಾದವರಿಗೆ ಸರ್ಟ್ರಲಿನ್ ಸುರಕ್ಷಿತವೇ ಎಂದು 369 ರೋಗಿಗಳ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೃದಯಕ್ಕೆ ಹಾನಿ ಕಾಣಲಿಲ್ಲ. ಆದ್ದರಿಂದ "ಹಾರ್ಟ್ ಪೇಷಂಟ್‌ಗೆ ಈ ಮಾತ್ರೆ ವಿಷ" ಎಂಬ ಮಾತನ್ನು ನಂಬಬೇಡಿ. ಆದರೆ ನಿಮ್ಮ ಡಾಕ್ಟರಿಗೆ ಗೊತ್ತಿರಲೇಬೇಕಾದ ಜೋಡಿಗಳಿವೆ:

• ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಈ ಗುಂಪಿನ ಮಾತ್ರೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚು. ಅದರ ಮೇಲೆ ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಮಲ ಕಪ್ಪಗಾದರೆ ತಕ್ಷಣ ಬನ್ನಿ.

• ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಮಂಕು, ತೂರಾಟ, ಗೊಂದಲ ಕಂಡರೆ "ವಯಸ್ಸಾಯಿತು" ಎನ್ನದೆ ರಕ್ತ ಪರೀಕ್ಷೆ ಮಾಡಿಸಿ.

• ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಜೊತೆ ಮೆಟೊಪ್ರೊಲಾಲ್ ಸೇರಿದರೆ ನಾಡಿ ತೀರಾ ನಿಧಾನವಾಗಬಹುದು. ಅವನ್ನು ಬಿಟ್ಟಾಗ ಮೆಟೊಪ್ರೊಲಾಲ್‌ನ ಬಲ ತಗ್ಗಿ ಬಡಿತ ಏರಬಹುದು.

• ವೆನ್‌ಲಾಫ್ಯಾಕ್ಸಿನ್ ಬಿ.ಪಿ. ಏರಿಸಬಹುದು. ತಲೆನೋವಿಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಖಿನ್ನತೆಯ ಹಳೆಯ ಮಾತ್ರೆಯೇ. ಅದು ಹೃದಯದ ಲಯವನ್ನು ಕೆಡಿಸಬಹುದು.

ನೋಡಿ, ಇವುಗಳಲ್ಲಿ ಯಾವುದೂ ನಿಭಾಯಿಸಲಾಗದ್ದಲ್ಲ. ಆದರೆ ನೀವು ಮುಚ್ಚಿಟ್ಟರೆ ನಾನು ಕತ್ತಲಲ್ಲಿ ಔಷಧ ಬರೆದಂತೆ.

*5. ನಿಲ್ಲಿಸುವುದು ಹೇಗೆ?*

ಶುರು ಮಾಡಲು ಡಾಕ್ಟರು ಬೇಕು ಎಂದು ಎಲ್ಲರಿಗೂ ಗೊತ್ತು. ನಿಲ್ಲಿಸಲೂ ಬೇಕು ಎಂದು ಯಾರೂ ಹೇಳಿರುವುದಿಲ್ಲ.

ದಿಢೀರ್ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತೆ ಝುಂ ಎನ್ನುವುದು, ಓಕರಿಕೆ, ವಿಚಿತ್ರ ಕನಸು, ಸಿಟ್ಟು, ಎದೆ ಬಡಿತ ಬರಬಹುದು. ಪ್ಯಾರಾಕ್ಸೆಟಿನ್, ವೆನ್‌ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ದೇಹದಲ್ಲಿ ಬಹಳ ದಿನ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಎಲ್ಲರಿಗೂ ಆಗುವುದಿಲ್ಲ. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 31 ಜನರಿಗೆ ಏನಾದರೊಂದು ಲಕ್ಷಣ ಕಂಡಿತು. ಔಷಧವೇ ಇಲ್ಲದ ಹುಸಿಮಾತ್ರೆ ನಿಲ್ಲಿಸಿದವರಲ್ಲೂ 17 ಜನರಿಗೆ ಕಂಡಿತು. ತೀವ್ರ ತೊಂದರೆ ಆದದ್ದು ನೂರಕ್ಕೆ ಮೂವರಿಗೆ. ಹೆದರಿ ಕೂರುವಷ್ಟಲ್ಲ, ಕಡೆಗಣಿಸುವಷ್ಟೂ ಅಲ್ಲ.

ರೋಗ ಮರಳಿತೋ, ಇದು ಮಾತ್ರೆ ಬಿಟ್ಟ ಪರಿಣಾಮವೋ? ಕೆಲವೇ ದಿನಗಳಲ್ಲಿ ಶುರುವಾಗಿ, ಕರೆಂಟ್ ಹೊಡೆದಂತೆ, ತಲೆಸುತ್ತಿನ ಜೊತೆ ಬಂದರೆ ಹೆಚ್ಚಾಗಿ ಬಿಟ್ಟ ಪರಿಣಾಮ. ವಾರಗಳು, ತಿಂಗಳುಗಳು ಕಳೆದ ಮೇಲೆ ಹಳೆಯ ಬೇಸರ, ನಿರಾಸಕ್ತಿ ನಿಧಾನವಾಗಿ ಮರಳಿದರೆ ಅದು ರೋಗ. ಎದೆನೋವು ಇದ್ದರೆ ಮಾತ್ರ ಈ ಲೆಕ್ಕಾಚಾರ ಬೇಡ. ಮೊದಲು ಇ.ಸಿ.ಜಿ.

ಇಳಿಸುವಾಗ ಒಂದು ಗುಟ್ಟು. ಪುಣೆಯಿಂದ ಮುಂಬೈಗೆ ಹೋಗುವವರಿಗೆ ಗೊತ್ತು, ಲೋಣಾವಳದ ತನಕ ಇಳಿಜಾರು ಕಾಣುವುದಿಲ್ಲ, ಖಂಡಾಲಾ ಘಾಟಿನಲ್ಲಿ ಒಮ್ಮೆಲೇ ಇಳಿಜಾರು. ಡೋಸ್ ಕೂಡ ಹಾಗೆಯೇ. 20ರಿಂದ 10ಕ್ಕೆ ಬಂದಾಗ ಮೆದುಳಿಗೆ ಅಷ್ಟೇನೂ ಅನಿಸದು. 5ರಿಂದ ಸೊನ್ನೆಗೆ ಹೋಗುವಾಗಲೇ ಕಡಿದಾದ ಇಳಿತ. ಆದ್ದರಿಂದ ಕೊನೆಯ ಹೆಜ್ಜೆಗಳು ಚಿಕ್ಕದಾಗಿರಬೇಕು, ನಡುವೆ ವಾರಗಳ ಅಂತರ ಇರಬೇಕು. ಬಹುಕಾಲ ತೆಗೆದುಕೊಂಡವರಿಗೆ ತಿಂಗಳುಗಳೇ ಹಿಡಿಯಬಹುದು. ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಇಳಿಸುವುದಲ್ಲ. ಅದು ಒಂದು ದಿನ ಹತ್ತಿ, ಒಂದು ದಿನ ಬಿದ್ದ ಹಾಗೆ.

*6. ಜೀವನಪೂರ್ತಿ ಬೇಕೇ?*

ಹೆಚ್ಚಿನವರಿಗೆ ಬೇಡ. ಮೊದಲ ಸಲವಾದರೆ, ಪೂರ್ತಿ ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳು. ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ಬ್ರಿಟನ್ನಿನಲ್ಲಿ ದೀರ್ಘಕಾಲದಿಂದ ಮಾತ್ರೆ ತೆಗೆದುಕೊಂಡು ಆರಾಮಾಗಿದ್ದವರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 56 ಜನರಿಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲಿ 39 ಜನರಿಗೆ. ಈ ಲೆಕ್ಕದಿಂದ ಎರಡು ಮಾತು ಕಲಿಯಬೇಕು. ನಿಲ್ಲಿಸಿದರೆ ಅಪಾಯ ಹೆಚ್ಚುತ್ತದೆ. ಆದರೂ ನಿಲ್ಲಿಸಿ ಆರಾಮಾಗಿ ಉಳಿದವರು ಬಹಳ ಜನರಿದ್ದಾರೆ. ಯಾವಾಗ ನಿಲ್ಲಿಸಬೇಕು ಎಂಬುದನ್ನು ನೀವು ಮತ್ತು ನಿಮ್ಮ ಡಾಕ್ಟರು ಕೂತು ನಿರ್ಧರಿಸಬೇಕು. ಮಾತ್ರೆ ಮುಗಿದ ದಿನ ಅದನ್ನು ನಿರ್ಧರಿಸಬಾರದು.

*ಊರು ಬಿಟ್ಟು ಬಂದವರಿಗೆ ಒಂದು ಮಾತು*

ನಮ್ಮ ಕುಟುಂಬಗಳಲ್ಲಿ ಮಾತ್ರೆ ತಪ್ಪುವುದು ಹೆಚ್ಚಾಗಿ ಪ್ರಯಾಣದಲ್ಲಿ. ಅಪ್ಪ ಅಮ್ಮ ಆರು ತಿಂಗಳು ಊರಿನಲ್ಲಿ, ಆರು ತಿಂಗಳು ಮಕ್ಕಳ ಮನೆಯಲ್ಲಿ. ಚೀಟಿ ಒಂದು ಊರಿನದು, ಅಂಗಡಿ ಇನ್ನೊಂದು ಊರಿನದು. ಇಲ್ಲಿಯ ಡಾಕ್ಟರಿಗೆ ಹಿಂದಿಯಲ್ಲೋ ಮರಾಠಿಯಲ್ಲೋ "ಮೊಣಕಾಲು ನೋವು" ಎನ್ನಬಹುದು, "ಮನಸ್ಸು ಸರಿಯಿಲ್ಲ" ಎನ್ನಲು ಮಾತು ಬರುವುದಿಲ್ಲ. ಅದಕ್ಕೆ ಇಷ್ಟು ಮಾಡಿ:

✔ ಎಲ್ಲ ಮಾತ್ರೆಗಳ ಸ್ಟ್ರಿಪ್ ಮತ್ತು ಚೀಟಿಯ ಫೋಟೊ ಮಗನದೋ ಮಗಳದೋ ಫೋನಿನಲ್ಲಿರಲಿ.
✔ ಊರಿಂದ ಹೊರಡುವಾಗ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರಲಿ.
✔ ಸಾಧ್ಯವಾದರೆ ಊರಿನ ಡಾಕ್ಟರ ಜೊತೆಗೇ ವಿಡಿಯೊ ಕರೆಯಲ್ಲಿ ಮಾತಾಡಿ.
✔ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಯಾರಾದರೂ ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ವಿನಂತಿ. ಮನೆಗೆ ಬಂದ ಹಿರಿಯರನ್ನು "ಬಿ.ಪಿ. ಮಾತ್ರೆ ತಂದಿದ್ದೀರಾ?" ಎಂದು ಕೇಳುತ್ತೀರಲ್ಲ, ಅದೇ ದನಿಯಲ್ಲಿ "ನಿದ್ದೆಗೆ, ಮನಸ್ಸಿಗೆ ಏನಾದರೂ ಮಾತ್ರೆ ಇದೆಯಾ? ಎಷ್ಟು ಉಳಿದಿದೆ?" ಎಂದೂ ಕೇಳಿ. ಹುಬ್ಬಳ್ಳಿಯ ಆ ಕಾಕಾ ಆಮೇಲೆ ಡಾಕ್ಟರ ಸಲಹೆಯಂತೆ ತಿಂಗಳುಗಟ್ಟಲೆ ಇಳಿಸುತ್ತ ಬಂದು ಮಾತ್ರೆ ನಿಲ್ಲಿಸಿದರು. ಪ್ರತಿ ಸಲ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಿದ್ದವಳು ಅವರ ಸೊಸೆಯೇ.

ಈ ಲೇಖನವನ್ನು ಗುಂಪುಗಳಿಗೆ ಕಳಿಸಿದರೆ ಸಂತೋಷ. ಆದರೆ ನಿಮ್ಮವರೊಬ್ಬರಿಗೆ ಇದು ಬೇಕು ಎನಿಸಿದರೆ ಗುಂಪಿನಲ್ಲಿ ಅವರ ಹೆಸರು ಹಾಕಬೇಡಿ. ಅವರಿಗೇ ನೇರವಾಗಿ ಕಳಿಸಿ, ಆಮೇಲೆ ಒಂದು ಫೋನ್ ಮಾಡಿ.

— ಪುಣೆಯಿಂದ, ನಿಮ್ಮ ಹೃದ್ರೋಗ ವೈದ್ಯೆ, ಎಂ.ಡಿ.